ಹಿತ್ತಿಲ ಬಾಗಿಲಿನ ವಾದಿ

ಕೆಲವರು ಹೌದು ಎನ್ನುವುದರಿಂದ ಬದುಕುತ್ತಾರೆ, ಕೆಲವರು ಇಲ್ಲ ಎನ್ನುವುದರಿಂದ. ಜವಳಿ ಅಂಗಡಿಯವರು, ಮದುವೆ ಗೊತ್ತುಮಾಡುವವರು, ಫೋಟೋ ಸ್ಟುಡಿಯೋದವರು ಮೊದಲನೆಯ ಗುಂಪು. ನಾನು ಎರಡನೆಯ ಗುಂಪಿನವನು. ಕಾರವಾರ ಮತ್ತು ಅಂಕೋಲೆಯ ಸಿವಿಲ್ ಕೋರ್ಟುಗಳಲ್ಲಿ ನಾನು ಇಪ್ಪತ್ತೆಂಟು ವರ್ಷಗಳಿಂದ ಪ್ರತಿವಾದಿಗಳ ವಕೀಲ. ಅದರಲ್ಲೂ ಹೋಟೆಲು, ಗಿರಣಿ, ಕಾರ್ಖಾನೆ ನಡೆಸುವವರ ಮೇಲೆ ಯಾರಾದರೂ ದಾವೆ ಹಾಕಿದರೆ ಅವರು ಸಮನ್ಸು ಹಿಡಿದುಕೊಂಡು ಸೀದಾ ನನ್ನಲ್ಲಿಗೆ ಬರುತ್ತಾರೆ. ನನ್ನ ವಿದ್ಯೆ ಏನು ಎಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತೇನೆ, ಇಲ್ಲ ಎನ್ನುವುದು. ಅದನ್ನು ನಾನು ಹಲವು ವಿಧವಾಗಿ ಬರೆಯಬಲ್ಲೆ. ‘ಸುಳ್ಳು’, ‘ಸತ್ಯಕ್ಕೆ ದೂರವಾದದ್ದು’, ‘ಕಪೋಲಕಲ್ಪಿತ’, ‘ಈ ಪ್ರತಿವಾದಿಯ ಅರಿವಿಗೆ ಬಾರದ್ದು’, ‘ವಾದಿಯೇ ರುಜುವಾತುಪಡಿಸತಕ್ಕದ್ದು’. ಇಷ್ಟು ಬಣ್ಣಗಳಲ್ಲಿ ನಮ್ಮೂರಿನ ಸೀರೆ ಅಂಗಡಿಯಲ್ಲೂ ಮಾಲು ಸಿಗುವುದಿಲ್ಲ.

ಇದು ಕೇಳುವುದಕ್ಕೆ ರೋಚಕವಾದ ಉದ್ಯೋಗವಲ್ಲ. ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ಮೂಲೆಗೆ ಕರೆದು, “ಕೊಲೆ ಕೇಸು ಇಲ್ವೇನೋ?” ಎಂದು ಆಸೆಯಿಂದ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. “ಕಡೇಪಕ್ಷ ಕಳವು?” ಅದೂ ಇಲ್ಲ. ನನ್ನಲ್ಲಿರುವುದು ಚರಂಡಿ, ಹೊಗೆ, ಗೋಡೆ, ನಾಮಫಲಕ. ಕಾರವಾರದ ಒಂದು ಬೇಕರಿಯ ಮೇಲೆ ಪಕ್ಕದ ಮನೆಯವರು ವಾಸನೆಯ ದಾವೆ ಹಾಕಿದ್ದರು. ನಾನು ವಾಡಿಕೆಯಂತೆ, ಬೇಕರಿಯಿಂದ ಯಾವುದೇ ವಾಸನೆ ಬರುತ್ತದೆ ಎಂಬುದು ಶುದ್ಧ ಸುಳ್ಳು ಎಂದು ಬರೆದೆ. ಸಹಿ ಹಾಕಲು ಬಂದ ಬೇಕರಿಯವನು ಓದಿಸಿಕೊಂಡು ಮುಖ ಸಣ್ಣ ಮಾಡಿದ. “ವಾಸನೆ ಬರೂದೇ ಇಲ್ಲ ಅಂದ್ರೆ ನನ್ನ ಅಂಗಡಿಗೆ ಯಾರು ಬರ್ತರು ಸಾಹೇಬ್ರೆ? ಒಳ್ಳೇ ವಾಸನೆ ಬರ್ತದೆ ಅಂತ ಹಾಕಿ,” ಎಂದ. ಅವನಿಗೆ ಕಾನೂನು ತಿಳಿಸಿಹೇಳುವುದಕ್ಕೆ ಅರ್ಧ ದಿನ ಹಿಡಿಯಿತು. ಕೊನೆಗೂ ಅವನು ಸಹಿ ಹಾಕಿದ್ದು ಮನಸ್ಸಿಲ್ಲದ ಮನಸ್ಸಿನಿಂದ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಕಾರವಾರದ ಒಬ್ಬ ಹಿರಿಯ ವಕೀಲರು. ವಾದಿ ತನ್ನ ದಾವೆಯಲ್ಲಿ ಬರೆದದ್ದಕ್ಕೆ ಪ್ರತಿವಾದಿ ಕೊಡುವ ಲಿಖಿತ ಉತ್ತರಕ್ಕೆ ನಮ್ಮ ಕಡೆ ಕೈಫಿಯತ್ತು ಎನ್ನುತ್ತಾರೆ. ನಾನು ಬರೆದ ಮೊದಲ ಕೈಫಿಯತ್ತನ್ನು ಅವರು ಓದಿ ಕನ್ನಡಕ ತೆಗೆದಿಟ್ಟು, “ಇಲ್ಲಿ ವಾದಿಯ ಊರು ಯಾವುದು ಅಂತ ಒಪ್ಪಿಕೊಂಡಿದ್ದೀಯಲ್ಲ, ಯಾಕೆ?” ಎಂದು ಕೇಳಿದರು. ಅವನು ಆ ಊರಿನವನೇ, ನಾನು ನೋಡಿದ್ದೇನೆ ಎಂದೆ. “ನೀನು ನೋಡಿದರೆ ಏನಾಯಿತು? ಕೋರ್ಟು ನೋಡಿದೆಯೇ? ಕಾರವಾರದ ಪಶ್ಚಿಮಕ್ಕೆ ಸಮುದ್ರವಿದೆ ಎಂದು ಅವನು ಬರೆದಿದ್ದರೂ, ವಾದಿಯೇ ರುಜುವಾತುಪಡಿಸತಕ್ಕದ್ದು ಎಂದು ಬರಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ,” ಎಂದರು. ಅಂದಿನಿಂದ ನಾನು ಯಾವುದನ್ನೂ ಒಪ್ಪಿಕೊಂಡವನಲ್ಲ. ಕಂಪ್ಯೂಟರು ಬಂದ ಮೇಲೆ ಇದು ಇನ್ನೂ ಸುಲಭವಾಯಿತು. ಎಲ್ಲವನ್ನೂ ಅಲ್ಲಗಳೆಯುವ ಒಂದು ನಮೂನೆ ಅದರಲ್ಲಿದೆ. ಹೆಸರು ಬದಲಿಸಿದರೆ ಮುಗಿಯಿತು. ಈ ಅಭ್ಯಾಸ ಮನೆಗೂ ಬಂದಿದೆ ಎಂದು ನನ್ನ ಹೆಂಡತಿ ವಿಜಯಾ ಹೇಳುತ್ತಾಳೆ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದರೆ ನಾನು ನೇರವಾಗಿ ಉತ್ತರ ಕೊಡುವುದಿಲ್ಲವಂತೆ.

ಇನ್ನು ನಡೆದದ್ದನ್ನು ಹೇಳುತ್ತೇನೆ. ಅವರ್ಸಾದಲ್ಲಿ ಸಮುದ್ರದ ದಂಡೆಗೆ ಹತ್ತಿರ ದಾಮುಶೇಟರು ಎಂಬವರ ಐಸ್ ಫ್ಯಾಕ್ಟರಿ ಇದೆ. ದೋಣಿಯವರಿಗೂ ಮೀನು ವ್ಯಾಪಾರದವರಿಗೂ ಐಸಿನ ಗಡ್ಡೆ ಮಾಡಿ ಕೊಡುವ ಕಾರ್ಖಾನೆ. ಅದರಿಂದ ಹೊರಬರುವ ಉಪ್ಪುನೀರು, ತೊಳೆದ ನೀರು ಎಲ್ಲ ಒಂದು ಪೈಪಿನ ಮೂಲಕ ಹೊರಗಿನ ಮರಳಿನ ಮೇಲೆ ಹೋಗುತ್ತಿತ್ತು. ಮಂಗಲಾ ಕೋಂ ಗಣಪತಿ, ಅಂದರೆ ಗಣಪತಿಯ ಹೆಂಡತಿ ಮಂಗಲಾ, ಎಂಬ ಹೆಂಗಸು ಅಂಕೋಲೆಯ ಕೋರ್ಟಿನಲ್ಲಿ ದಾವೆ ಹಾಕಿದಳು. ತಾನು ಮೀನು ಮಾರುವವಳು, ತನ್ನ ಗಂಡ ತೀರಿಕೊಂಡಿದ್ದಾನೆ, ಆ ಮರಳಿನ ಜಾಗದಲ್ಲಿ ತಮ್ಮ ಮನೆಯವರು ಹಿಂದಿನಿಂದಲೂ ಮೀನು ಒಣಗಿಸುತ್ತ ಬಂದಿದ್ದಾರೆ, ಈಗ ನೀರು ಬಂದು ಮರಳು ಸದಾ ಒದ್ದೆ, ಮೀನು ಒಣಗುವ ಮೊದಲೇ ಹುಳ ಬೀಳುತ್ತದೆ, ಆದ್ದರಿಂದ ಪೈಪನ್ನು ಬೇರೆ ಕಡೆ ತಿರುಗಿಸಬೇಕು. ಇಷ್ಟೇ ದಾವೆ. ಪರಿಹಾರ ಗಿರಿಹಾರ ಏನೂ ಕೇಳಿರಲಿಲ್ಲ. ಒಣಗಿದ ಮರಳು ಬೇಕು ಎಂದು ಕೇಳಿದ್ದಳು.

ದಾಮುಶೇಟರು ನನ್ನ ಹಳೆಯ ಕಕ್ಷಿದಾರರು. ಸ್ವಭಾವದಲ್ಲಿ ಕೆಟ್ಟವರಲ್ಲ, ಆದರೆ ಕೋರ್ಟಿನ ಕಾಗದ ಬಂದರೆ ಅವರಿಗೆ ತಮ್ಮ ಮನೆತನದ ಮೇಲೆಯೇ ಯಾರೋ ಉಗುಳಿದಂತೆ ಆಗುತ್ತದೆ. “ಬಾಯಲ್ಲಿ ಬಂದು ಹೇಳಿದ್ರೆ ನಾ ಕೇಳ್ತಿದ್ದಿಲ್ವ? ಕೋರ್ಟಿಗೆ ಹೋದ್ಳಲ್ಲ, ಈಗ ಕೋರ್ಟೇ ನೋಡ್ಲಿ. ಒಂದು ಇಂಚೂ ಬಿಡೂದು ಬ್ಯಾಡ,” ಎಂದರು. ನಾನು ನಮೂನೆ ತೆರೆದು ಹೆಸರು ಬದಲಿಸಿದೆ. ವಾದಿಯು ಮೀನು ವ್ಯಾಪಾರ ಮಾಡುತ್ತಾಳೆ ಎಂಬುದು ಸುಳ್ಳು. ವಾದಿಯು ಆ ಜಾಗದಲ್ಲಿ ಎಂದಾದರೂ ಮೀನು ಒಣಗಿಸಿದ್ದಳು ಎಂಬುದು ಸುಳ್ಳು. ವಾದಿಯು ತಾನು ದಿವಂಗತ ಗಣಪತಿಯ ಹೆಂಡತಿ ಎಂದು ಹೇಳಿಕೊಂಡಿರುವುದನ್ನು ಈ ಪ್ರತಿವಾದಿಯು ಒಪ್ಪುವುದಿಲ್ಲ, ಅದನ್ನು ವಾದಿಯೇ ರುಜುವಾತುಪಡಿಸತಕ್ಕದ್ದು. ಆಮೇಲೆ ನನ್ನ ಎರಡನೆಯ ವಿದ್ಯೆಯನ್ನು ಪ್ರಯೋಗಿಸಿ ಮುದ್ದತ್ತು, ಅಂದರೆ ಮುಂದಿನ ತಾರೀಖು, ಕೇಳುತ್ತ ಹೋದೆ. ನನಗೆ ಜ್ವರ, ಶೇಟರಿಗೆ ಸಕ್ಕರೆ ಕಾಯಿಲೆ, ಕಾಗದ ಸಿಕ್ಕಿಲ್ಲ, ಸಿಕ್ಕಿದ ಕಾಗದ ಓದಲು ಬರುತ್ತಿಲ್ಲ, ಹೀಗೆ. ನೋಡುನೋಡುತ್ತ ಎರಡು ಬೇಸಿಗೆ ಕಳೆದವು. ಮೂರನೆಯ ಬೇಸಿಗೆಯ ಹೊತ್ತಿಗೆ, ಇನ್ನು ತಳ್ಳಲು ಆಗುವುದಿಲ್ಲ ಎಂದು ನ್ಯಾಯಾಧೀಶರು ಹೇಳಿದ ಮೇಲೆ, ವಾದಿ ಸಾಕ್ಷಿಕಟ್ಟೆಗೆ ಬಂದಳು.

ಇಲ್ಲಿ ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಮನೆ ಅಂಕೋಲೆಯ ಬೊಬ್ರುವಾಡದಲ್ಲಿ. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಒಬ್ಬ ಮೀನಿನ ಬಾಯಿ ಬರುತ್ತಾಳೆ. ಬಾಯಿ ಎಂದರೆ ನಮ್ಮಲ್ಲಿ ಹೆಂಗಸರಿಗೆ ಹೇಳುವ ಮರ್ಯಾದೆಯ ಮಾತು. ಅವಳು ಅವರ್ಸಾದಿಂದ ಟೆಂಪೋ ಹತ್ತಿ ಬರುವುದರಿಂದ ಮನೆಯಲ್ಲಿ ಅವಳ ಹೆಸರು ಅವರ್ಸಾದ ಬಾಯಿ. ಬೇರೆ ಹೆಸರು ಇರಬಹುದು ಎಂದು ನನಗೆ ಹದಿನೈದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಬರುವ ಹೊತ್ತಿಗೆ ನಾನು ಮುಂದಿನ ಕೋಣೆಯಲ್ಲಿ ಪತ್ರಿಕೆಯ ಹಿಂದೆ ಇರುತ್ತೇನೆ. ನನಗೆ ಗೊತ್ತಿದ್ದದ್ದು “ವೈನೀ, ಬಂಗಡೆ ಅದೆ, ಬನ್ನಿ” ಎಂದು ವಿಜಯಾಳನ್ನು ಕರೆಯುವ ಆ ಧ್ವನಿ, ಮತ್ತು ಮಧ್ಯಾಹ್ನ ತಟ್ಟೆಗೆ ಬರುವ ಬಂಗಡೆ. ನಡುವೆ ಇರುವ ಹೆಂಗಸಿನ ಬಗ್ಗೆ ವಿಚಾರಿಸಿದವನಲ್ಲ. ಮೀನಿನ ಬಾಯಿಯರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇವರಿಗೆ ಗೊತ್ತಿಲ್ಲದ ಮನೆಯ ಗುಟ್ಟಿಲ್ಲ. ಸೋಮವಾರ ಮೀನು ಮುಟ್ಟುವುದಿಲ್ಲ ಎಂದು ಓಣಿಗೆಲ್ಲ ಸಾರಿದವರು ಸೋಮವಾರವೇ ಯಾವ ಬಾಗಿಲಲ್ಲಿ ಕೈ ಚಾಚಿದರು, ದಿನಾ ದುಬಾರಿ ಇಸ್ವಾಣ ತೆಗೆದುಕೊಳ್ಳುತ್ತಿದ್ದವರು ಯಾವ ತಿಂಗಳಿಂದ ಅಗ್ಗದ ತಾರ್ಲೆಗೆ ಇಳಿದರು, ಸೂತಕದ ಮನೆಗೆ ಮೂರನೆಯ ದಿನವೇ ಏನು ಹೋಯಿತು, ಎಲ್ಲ ಆ ಬುಟ್ಟಿಗೆ ಗೊತ್ತು. ಆದರೆ ಒಂದು ಮನೆಯ ಮಾತನ್ನು ಅವರು ಇನ್ನೊಂದು ಮನೆಯಲ್ಲಿ ಆಡುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಯೇ ಇರುತ್ತದೆ. ವಕೀಲರು ಕಕ್ಷಿದಾರರ ಗುಟ್ಟು ಕಾಯಬೇಕು ಎಂದು ನಮಗೆ ಕಾನೂನಿನ ಪುಸ್ತಕ ಓದಿಸಿ ಕಲಿಸಿದರು. ಇವರಿಗೆ ಯಾರೂ ಕಲಿಸಿದ್ದಲ್ಲ.

ಸಾಕ್ಷಿಕಟ್ಟೆಯಲ್ಲಿ ನಿಂತ ಮಂಗಲಾ ಪ್ರಮಾಣ ಮಾಡಿದಾಗಲೇ ನನಗೆ ಏನೋ ಕಸಿವಿಸಿಯಾಯಿತು. ಆ ಧ್ವನಿಯನ್ನು ಎಲ್ಲೋ ಕೇಳಿದ್ದೇನೆ. ಬಸ್ಸಿನಲ್ಲೋ, ಸಂತೆಯಲ್ಲೋ. ನಾನು ಅದರ ಗೊಡವೆಗೆ ಹೋಗದೆ ಪಾಟೀಸವಾಲು ಶುರುಮಾಡಿದೆ. ನೀವು ಮೀನು ವ್ಯಾಪಾರ ಮಾಡುವುದಕ್ಕೆ ಲೈಸೆನ್ಸ್ ಇದೆಯೇ ಎಂದೆ.

“ಬುಟ್ಟಿಗೆ ಲೈಸೆನ್ಸ್ ಎಂತದು?” ಎಂದಳು.

ಕೋರ್ಟಿನಲ್ಲಿ ಸಣ್ಣ ನಗು. ರಸೀದಿ, ಬಿಲ್ಲು, ಏನಾದರೂ ಇದೆಯೇ ಎಂದೆ. “ಮೀನು ಕೊಟ್ಟವ್ರಿಗೆ ರಸೀದಿ ಕೊಡೂಕೆ ಹೋದ್ರೆ ಅವ್ರು ನನ್ನ ತಲೆ ಸರಿ ಇಲ್ಲ ಹೇಳ್ತರು.” ಈ ಉತ್ತರಗಳು ನನಗೆ ಬೇಕಾದವೇ. ಕಾಗದದ ಪುರಾವೆ ಒಂದೂ ಇಲ್ಲ ಎಂಬುದು ದಾಖಲಾಯಿತು. ಇನ್ನು ಕೊನೆಯ ಮೊಳೆ ಹೊಡೆಯುವುದು ಬಾಕಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂದು ನನ್ನ ಹಿರಿಯರು ತಲೆಯ ಮೇಲೆ ಮೊಟಕಿ ಕಲಿಸಿದ್ದರು. ಆದರೆ ನಗುವಿಗೆ ಪ್ರತಿಯಾಗಿ ನಾನೂ ಏನಾದರೂ ಮಾಡಿ ತೋರಿಸಬೇಕು ಎಂಬ ಚಪಲ. “ಹಾಗಾದರೆ ನಿಮ್ಮಿಂದ ದಿನಾ ಮೀನು ತೆಗೆದುಕೊಳ್ಳುವ ಒಂದೇ ಒಂದು ಮನೆಯ ಹೆಸರು ಹೇಳಿ ನೋಡೋಣ,” ಎಂದು ಕೋಟಿನ ಕಾಲರು ಸರಿಮಾಡಿಕೊಂಡೆ.

ಅವಳು ಅಲ್ಲಿಯವರೆಗೆ ನ್ಯಾಯಾಧೀಶರ ಕಡೆ ನೋಡುತ್ತಿದ್ದವಳು ಆಗ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ. ಬಾಗಿಲಲ್ಲಿ ನಿಂತು, ಒಳಗೆ ಯಾರೂ ಇಲ್ಲವೇ ಎಂದು ಇಣುಕಿ ನೋಡುತ್ತಾರಲ್ಲ, ಹಾಗೆ ನೋಡಿದಳು. ಆಗ ನನಗೆ ತಿಳಿಯಿತು. ಅವತ್ತು ಬೆಳಿಗ್ಗೆಯೂ ಆ ಧ್ವನಿ ನಮ್ಮ ಹಿತ್ತಿಲಲ್ಲಿ ನೊಗಲಿ ಮೀನು ಇದೆ ಎಂದು ಕೂಗಿತ್ತು. ನನ್ನ ಊಟದ ಡಬ್ಬಿಯಲ್ಲಿ, ಕೋರ್ಟಿನ ಹೊರಗೆ ವಕೀಲರ ಕೋಣೆಯ ಮೇಜಿನ ಮೇಲೆ, ಹುರಿದ ನೊಗಲಿ ಎರಡು ತುಂಡು ಇತ್ತು. ವಾದಿ ಮೀನು ಮಾರುವುದಿಲ್ಲ ಎಂದು ಸತ್ಯಪ್ರಮಾಣ ಮಾಡಿಸಿದ್ದ ಮನುಷ್ಯ ಹದಿನೈದು ವರ್ಷ ಅವಳ ಮೀನು ತಿಂದೇ ದೊಡ್ಡ ಹೊಟ್ಟೆಯವನಾಗಿದ್ದ. ಅವಳು ನನ್ನ ಮನೆಯ ಹೆಸರು ಹೇಳಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು, ನನ್ನ ಮರ್ಯಾದೆ ಅದಕ್ಕಿಂತ ಅರ್ಧ ನಿಮಿಷ ಮುಂಚೆ ಮುಗಿಯುತ್ತಿತ್ತು.

“ಹೇಳೂದಿಲ್ಲ,” ಎಂದಳು.

ನ್ಯಾಯಾಧೀಶರು, ಹೇಳಮ್ಮ, ಹೆದರಬೇಡ, ಅದು ನಿನಗೇ ಒಳ್ಳೆಯದು ಎಂದರು. ಅವಳ ವಕೀಲರು ರೇಖಾ ಎಂಬವರು, ಚುರುಕಿನ ಹೆಂಗಸು, ಕುರ್ಚಿಯ ತುದಿಗೆ ಬಂದು ಕಣ್ಣಲ್ಲೇ ಹೇಳು ಹೇಳು ಎನ್ನುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು, “ಒಂದು ಮನೆ ಮಾತು ಇನ್ನೊಂದು ಮನೆ ಬಾಗ್ಲಲ್ಲಿ ನಾ ಹೇಳ್ದವಳಲ್ಲ ಸಾಹೇಬ್ರೆ. ಇಲ್ಲಿ ಇಷ್ಟು ಜನ ಕೂತವ್ರೆ. ಯಾರ ಮನೆಲಿ ಎಂತ ತಿಂತ್ರು ಅಂತ ನಾ ಇಲ್ಲಿ ಕೂಗೂದು ಸರಿ ಆಗೂದಿಲ್ಲ. ಬರ್ಕಳಿ,” ಎಂದಳು. ಬರೆದುಕೊಂಡರು. ಕೋರ್ಟಿನ ಭಾಷೆಯಲ್ಲಿ ಅದು ಹೀಗಾಯಿತು, ‘ಸಾಕ್ಷಿಯು ತನ್ನಿಂದ ಮೀನು ಕೊಳ್ಳುವ ಯಾವುದೇ ಮನೆಯ ಹೆಸರನ್ನು ಹೇಳಲು ನಿರಾಕರಿಸಿದ್ದಾಳೆ.’ ಮೀನು ವ್ಯಾಪಾರ ಸುಳ್ಳು ಎಂಬ ನನ್ನ ಪ್ಯಾರಾ ಗೆದ್ದಿತು. ಹಿಂದಿನ ಬೆಂಚಿನಲ್ಲಿದ್ದ ದಾಮುಶೇಟರು ಹೊರಗೆ ಬಂದು ನನ್ನ ಎರಡೂ ಕೈ ಹಿಡಿದು ಕುಲುಕಿದರು. ನಾನು ಊಟದ ಡಬ್ಬಿಯನ್ನು ತೆರೆಯದೆ ಹಾಗೆಯೇ ಮನೆಗೆ ತಂದೆ.

“ಹೌದು, ಅವಳೇ,” ಎಂದಳು ವಿಜಯಾ, ನಾನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಕೇಳಿದ್ದಕ್ಕೆ. ಅವಳಿಗೆ ದಾವೆ ಹಾಕಿದ ವಾರದಿಂದಲೂ ಗೊತ್ತಂತೆ. ನೀನು ನನಗೆ ಹೇಳಬೇಕಿತ್ತು ಎಂದೆ. “ಮನೆಯಲ್ಲಿ ಕೇಸಿನ ಮಾತು ತೆಗೀಬಾರದು ಅಂತ ಮದುವೆಯಾದ ಮರುದಿನ ಕಾನೂನು ಮಾಡಿದ್ದು ಯಾರು?” ಎಂದು ಕೇಳಿದಳು. ಅದನ್ನು ನಾನು ಅಲ್ಲಗಳೆಯಲಿಲ್ಲ. ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತ ಕೂತೆ. ಈ ಎರಡು ವರ್ಷ ಬಾಯಿ ರಸ್ತೆಯ ಅಂಚಿನ ಡಾಂಬರಿನ ಮೇಲೆ ಮೀನು ಹರಡಿದಳಂತೆ. ಒಂದು ಸಲ ಲಾರಿ ಹರಿಯಿತು, ಇನ್ನೊಂದು ಸಲ ನಾಯಿ. ಮಳೆಗಾಲದಲ್ಲಿ ದೋಣಿಗಳು ನೀರಿಗಿಳಿಯುವುದಿಲ್ಲ. ಆಗ ಬುಟ್ಟಿಯಲ್ಲಿ ಇರುವುದು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮಾತ್ರ. ಅದೂ ಇಲ್ಲದೆ ಹೋದ ಮಳೆಗಾಲ ಅವಳು ಯಾರದೋ ಗದ್ದೆಯಲ್ಲಿ ನಾಟಿಗೆ ಹೋದಳು, ಅಭ್ಯಾಸವಿಲ್ಲದೆ ಸೊಂಟ ಹಿಡಿದು ಹದಿನೈದು ದಿನ ಮಲಗಿದಳು. ಹೋದ ಮಳೆಗಾಲದಲ್ಲಿ ಬಾಯಿ ಬರುವುದಿಲ್ಲವೇಕೆ ಎಂದು ನಾನು ಗೊಣಗಿದ್ದು ನನಗೆ ನೆನಪಿತ್ತು. ಒಣ ಸಿಗಡಿಯ ಚಟ್ನಿ ಇಲ್ಲದೆ ಗಂಜಿ ಇಳಿಯುವುದಿಲ್ಲ ಎಂದು ದೊಡ್ಡದಾಗಿ ಗೊಣಗಿದ್ದೆ. ಈ ಬೇಸಿಗೆಯೂ ಅರ್ಧ ಕಳೆದಿತ್ತು. ದಾವೆ ವಜಾ ಆದರೆ ಆ ಮರಳು ಅವಳ ಕೈಗೆ ಇನ್ನು ಬರುವುದೇ ಇಲ್ಲ.

ಮಾರನೆಯ ಬೆಳಿಗ್ಗೆ ಆ ಧ್ವನಿ ಹಿತ್ತಿಲಲ್ಲಿ ಎಂದಿನಂತೆ ಕೂಗಿತು. ಬರುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ನಾನು ಪತ್ರಿಕೆ ಕೆಳಗಿಟ್ಟು ಹಿಂದಿನ ಬಾಗಿಲಿಗೆ ಹೋದೆ. ಅವಳು ತುಳಸಿಕಟ್ಟೆಯಿಂದ ಸ್ವಲ್ಪ ದೂರ ಬುಟ್ಟಿ ಇಳಿಸಿ ಕೂತಿದ್ದಳು. ನಿನ್ನೆ ನೀವು ಯಾಕೆ ನಮ್ಮ ಮನೆಯ ಹೆಸರು ಹೇಳಲಿಲ್ಲ ಎಂದು ಕೇಳಿದೆ. ನಾನು ‘ನೀವು’ ಎಂದದ್ದಕ್ಕೆ ಅವಳಿಗೆ ನಗು ಬಂತು.

“ಇದು ಕೋರ್ಟಲ್ಲ, ನೀನು ಅನ್ನಿ. ನಿಮ್ಮ ಮನೆ ಹೆಸ್ರು ಹೇಳಿದ್ರೆ ನಾ ಇವತ್ತು ಇಲ್ಲಿ ಹೇಂಗೆ ಬರೂದು? ಮತ್ತೆ ಅಲ್ಲಿ ಕೂತವ್ರಲ್ಲಿ ಇನ್ನೂ ನಾಕು ಮನೆ ನನ್ನವೇ. ಇವ್ರದ್ದು ಹೇಳಿದೋಳು ನಾಳೆ ನಮ್ಮದೂ ಹೇಳ್ತಳೆ ಅಂತ ಅವ್ರೂ ಬಾಗ್ಲ ಹಾಕ್ತ್ರು.”

“ಯಾವ ನಾಲ್ಕು ಮನೆ?” ಎಂದೆ. ಅಭ್ಯಾಸಬಲ.

ಅವಳು ಬುಟ್ಟಿಯ ಬಟ್ಟೆಯನ್ನು ಸರಿಯಾಗಿ ಎಳೆದು ಮುಚ್ಚಿದಳು.

ಆಮೇಲೆ, ಬುಟ್ಟಿಯ ಕಡೆಯೇ ನೋಡುತ್ತ, “ನಾ ಮೀನು ಮಾರೂದಿಲ್ಲ ಅಂತ ನೀವು ಬರ್ದದ್ದಕ್ಕೆ ನಂಗೆ ಏನೂ ಇಲ್ಲ. ನಿಮ್ಮ ಕೆಲ್ಸ ಅದು. ನಮ್ಮ ಮೇಡಂ ಓದಿ ಹೇಳ್ದಾಗ ಒಂದು ಮಾತಿಗೆ ಮಾತ್ರ ಬೇಜಾರಾಯ್ತು. ನಾ ಅವ್ರ ಹೆಂಡ್ತಿ ಹೌದು ಅಂತ ಸಾಬೀತು ಮಾಡ್ಬೇಕು ಅಂತ ಬರ್ದಿದ್ರಲ್ಲ. ಅವ್ರು ದೋಣಿಲಿ ಹೋದವ್ರು ಬರಲೇ ಇಲ್ಲ. ಆರು ವರ್ಷ ಆಯ್ತು. ಅವ್ರೇ ಬಂದು ಹೇಳ್ಬೇಕಿತ್ತು, ಮತ್ತ್ಯಾರು ಹೇಳೂದು?” ಎಂದಳು.

ಕಂಪ್ಯೂಟರಿನ ನಮೂನೆಯಲ್ಲಿ ಆ ಸಾಲು ಇದೆ ಎಂದು ಅವಳಿಗೆ ಹೇಗೆ ಹೇಳುವುದು? ಅದನ್ನು ನಾನು ನೂರಾರು ಜನರಿಗೆ ಬರೆದಿದ್ದೇನೆ, ಓದದೆಯೇ ಬರೆದಿದ್ದೇನೆ. ನನಗೆ ನಾಚಿಕೆಯಾಯಿತು. ವಿಜಯಾ ಬಂದು ತಾರ್ಲೆ ಆರಿಸತೊಡಗಿದಳು. ನಾನು ಒಳಗೆ ಬಂದೆ.

ಎರಡು ದಿನ ನಾನು ದಾರಿ ಹುಡುಕಿದೆ. ಕೋರ್ಟಿನಲ್ಲಿ ಎದ್ದು ನಿಂತು, ಸ್ವಾಮಿ, ಆ ಮನೆ ನನ್ನದೇ ಎಂದು ಹೇಳುವಂತಿಲ್ಲ. ಕಕ್ಷಿದಾರನ ವಿರುದ್ಧ ಅವನ ವಕೀಲನೇ ಸಾಕ್ಷಿ ಹೇಳಿದರೆ ಮಾರನೆಯ ದಿನದಿಂದ ಕೋಟನ್ನು ಇಸ್ತ್ರಿಗೆ ಕೊಡುವ ಅಗತ್ಯ ಬೀಳುವುದಿಲ್ಲ. ಕೇಸು ಬಿಟ್ಟುಬಿಡೋಣವೆಂದರೆ, ಗೆಲ್ಲುತ್ತಿರುವ ಕೇಸು ಬಿಡುವುದಕ್ಕೆ ಕಾರಣ ಕೊಡಬೇಕು. ಕಾರಣ ಹುರಿದು ಡಬ್ಬಿಯಲ್ಲಿದೆ ಎನ್ನಲಾಗುತ್ತದೆಯೇ? ಶೇಟರಿಗೆ ಧರ್ಮ ಬೋಧಿಸೋಣವೆಂದರೆ, ನನ್ನ ಬಾಯಿಂದ ಧರ್ಮ ಕೇಳಿದರೆ ಅವರು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಖಂಡಿತ. ಮೂರನೆಯ ದಿನ ಕಾರವಾರದಿಂದ ಬರುವಾಗ ಅವರ್ಸಾದಲ್ಲಿ ಬಸ್ಸಿಳಿದು ಐಸ್ ಫ್ಯಾಕ್ಟರಿಗೆ ಹೋದೆ. ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ.

ಶೇಟರು ಬಹಳ ಖುಷಿಯಲ್ಲಿದ್ದರು. ನನ್ನನ್ನು ಹಿಂದುಗಡೆ ಕರೆದುಕೊಂಡು ಹೋಗಿ ಪೈಪು ತೋರಿಸಿದರು. ನೀರು ತಣ್ಣಗೆ ಮರಳಿಗೆ ಹೋಗುತ್ತಿತ್ತು. ಆ ಕಡೆ ನಾಲ್ಕು ಬಿದಿರಿನ ಗೂಟ, ಹಳೆಯ ಬಲೆಯ ಒಂದು ಚೂರು. “ಇನ್ನೆಂತ ಸಾಹೇಬ್ರೆ, ಗೆದ್ದ ಹಾಗೇ ಅಲ್ದಾ?” ಎಂದರು. ನಾನು ಕನ್ನಡಕ ತೆಗೆದೆ, ಒರೆಸಿದೆ, ಮತ್ತೆ ಹಾಕಿಕೊಂಡೆ, ಒಂದು ನಿಟ್ಟುಸಿರು ಬಿಟ್ಟೆ.

ದೇವರಾಣೆಗೂ ನಾನು ಮಾಡಿದ್ದು ಅಷ್ಟೇ. ಆದರೆ ಶೇಟರು ಇಪ್ಪತ್ತು ವರ್ಷದಲ್ಲಿ ನಾನು ನಿಟ್ಟುಸಿರು ಬಿಟ್ಟದ್ದನ್ನು ನೋಡಿದವರಲ್ಲ. ಸೋಲುವ ಕೇಸಿನಲ್ಲೂ ನಾನು ನಗುನಗುತ್ತ, ಗಾಬರಿ ಬೇಡ, ಮೇಲಿನ ಕೋರ್ಟು ಇದೆ ಎನ್ನುವವನು. ಅವರ ಮುಖದ ಬಣ್ಣ ಇಳಿಯಿತು. “ಎಂತ ಆಯ್ತು?” ಎಂದರು. ಏನಿಲ್ಲ ಎಂದೆ. ಏನಿಲ್ಲ ಎಂಬುದು ಸತ್ಯವೇ ಆಗಿತ್ತು. “ಏನಿಲ್ಲ ಅಂದ್ರೆ? ಏನೋ ಅದೆ. ಜಡ್ಜ್ ಸಾಹೇಬ್ರು ಜಾಗ ನೋಡೂಕೆ ಯಾರನ್ನರೆ ಕಳಿಸ್ತರಾ?” ಕಳಿಸಿದರೂ ಕಳಿಸಬಹುದು ಎಂದೆ. ಅದೂ ಸತ್ಯ. “ಬಂದವ್ರು ನೀರು ಬಾಟ್ಲಿಲಿ ಹಾಕಂಡು ಹೋಗ್ತರಾ? ಆಮೇಲೆ ಬೇರೆ ಬೇರೆ ಆಫೀಸಿನವ್ರೂ ಬರ್ತರಾ?” ಆ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಸಮುದ್ರದ ಕಡೆ ನೋಡುತ್ತ ನಿಂತೆ. ಹೆಂಗಸು ಮನೆಯ ಹೆಸರು ಹೇಳಲಿಲ್ಲವಲ್ಲ, ಅದರಲ್ಲೇ ಏನೋ ಹಿಕ್ಮತ್ತಿದೆ, ಆ ಮೇಡಂ ಹೇಳಿಕೊಟ್ಟೇ ಕಳಿಸಿದ್ದು ಎಂದು ಶೇಟರು ತಾವೇ ಕಂಡುಹಿಡಿದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮ ಕಾಂಪೌಂಡಿನ ಹಿಂದೆ ಒಂದು ಹಳೇ ಗುಂಡಿ ಅದೆ. ಎಂಟು ಪೈಪು ಹಾಕಿದ್ರೆ ನೀರು ಅಲ್ಲಿಗೆ ಹೋಗ್ತದೆ,” ಎಂದರು. ರಾಜಿ ಮಾಡಿಕೊಳ್ಳುವುದು ನಿಮ್ಮಿಷ್ಟ, ನಾನು ಹೇಳುವುದಿಲ್ಲ ಎಂದೆ. ವಕೀಲರು ಹಾಗೆ ಹೇಳಿದರೆ ಪ್ರಪಂಚ ಮುಳುಗುತ್ತಿದೆ ಎಂದೇ ಅರ್ಥ.

ಮುಂದಿನ ಮುದ್ದತ್ತಿಗೆ ರಾಜಿ ಅರ್ಜಿ ಬಂತು. ಪ್ರತಿವಾದಿಯು ವಾದಿಯ ಹೇಳಿಕೆಯನ್ನು ಒಪ್ಪಿಕೊಂಡು, ಎಂದು ನಾನೇ ಟೈಪು ಮಾಡಿದೆ. ಅದಕ್ಕೆ ನನ್ನಲ್ಲಿ ನಮೂನೆ ಇರಲಿಲ್ಲ, ಹೊಸದಾಗಿ ಬರೆಯಬೇಕಾಯಿತು. ವಾದಿಯ ಹೆಸರಿನ ಮುಂದೆ ‘ದಿವಂಗತ ಗಣಪತಿಯ ಹೆಂಡತಿ’ ಎಂದೂ, ‘ಉದ್ಯೋಗ ಮೀನು ವ್ಯಾಪಾರ’ ಎಂದೂ ಪೂರ್ತಿ ಬರೆದೆ. ರೇಖಾ ಮೇಡಂ ಓದಿ, ಇದೆಲ್ಲ ಇಷ್ಟು ವಿಸ್ತಾರ ಬೇಕೇ ಎಂದರು. ಇರಲಿ ಎಂದೆ. ನಾನು ಇದನ್ನು ಪುಣ್ಯಕಾರ್ಯ ಎಂದು ಹೇಳಿಕೊಳ್ಳುತ್ತಿಲ್ಲ. ಸೋಲುವ ಕೇಸನ್ನು ಗೆಲ್ಲುತ್ತೇವೆ ಎಂದು ಕಕ್ಷಿದಾರನನ್ನು ನಂಬಿಸುವುದು ನಮ್ಮಲ್ಲಿ ಬಹಳ ಜನರಿಗೆ ಬರುತ್ತದೆ. ಗೆದ್ದ ಕೇಸನ್ನು ಸೋಲುತ್ತೇವೆ ಎಂದು ಅವನೇ ನಂಬಿಕೊಳ್ಳುವಾಗ ಸುಮ್ಮನೆ ನಿಲ್ಲುವುದಕ್ಕೆ ಯಾವ ಶಿಕ್ಷೆ ಎಂದು ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಇದೆ ಎಂದು ನನಗೆ ಗುಮಾನಿ.

ಪುಸ್ತಕದಲ್ಲಿ ಇಲ್ಲದಿದ್ದರೂ ಶಿಕ್ಷೆ ಊರಿನಲ್ಲೇ ಸಿಕ್ಕಿತು. ದಾಮುಶೇಟರು ಅಂಕೋಲೆಯ ಪೇಟೆಯಲ್ಲಿ ಕಂಡಕಂಡವರಿಗೆ, ನಮ್ಮ ವಕೀಲರಿಗೆ ವಯಸ್ಸಾಯಿತು, ಧೈರ್ಯ ಹೋಗಿದೆ, ಕೈಗೆ ಬಂದ ಕೇಸನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಮರುಕದಿಂದ ಹೇಳಿದರು. ಮರುಕದಿಂದ ಹೇಳಿದ್ದೇ ಕಷ್ಟ. ಬೈದಿದ್ದರೆ ಜನ ನಂಬುತ್ತಿರಲಿಲ್ಲ. ತಿಂಗಳೊಳಗೆ ಅವರು ತಮ್ಮ ಉಳಿದ ಎರಡು ಕಡತಗಳನ್ನು ನನ್ನಿಂದ ತೆಗೆದುಕೊಂಡು ರೇಖಾ ಮೇಡಂ ಅವರಿಗೆ ಕೊಟ್ಟರು. ಬೇಕರಿಯವನೂ ದಾರಿಯಲ್ಲಿ ಸಿಕ್ಕಾಗ ಆರೋಗ್ಯ ವಿಚಾರಿಸಿದ. ವಕೀಲರ ಕೋಣೆ ಮೇಡಂ ಅವರನ್ನು ಅಭಿನಂದಿಸಿತು. ಒಂದು ಸಣ್ಣ ಸಾಕ್ಷಿಯಿಂದ ದೊಡ್ಡ ಕುಳವನ್ನು ಬಗ್ಗಿಸಿದರು ಎಂದು. ನಾನೂ ಅಭಿನಂದಿಸಿದೆ. ಅವರು ವಿನಯದಿಂದ, “ಪಾಟೀಸವಾಲಿನಲ್ಲಿ ನೀವು ಆ ಒಂದು ಪ್ರಶ್ನೆ ಕೇಳಬಾರದಿತ್ತು ಸಾರ್,” ಎಂದರು. ಹೌದು ಎಂದೆ.

ಪೈಪು ತಿರುಗಿ ಇಪ್ಪತ್ತು ದಿನಕ್ಕೆ ಮರಳು ಒಣಗಿತು. ಬೇಸಿಗೆ ಇನ್ನೂ ಒಂದು ತಿಂಗಳು ಉಳಿದಿತ್ತು. ಒಂದು ಬೆಳಿಗ್ಗೆ ಬಾಯಿ ಹಸಿಮೀನಿನ ಜೊತೆಗೆ ಈ ವರ್ಷದ ಮೊದಲ ಒಣ ಸಿಗಡಿ ತಂದಳು. ನಾನು ಎಂದಿನ ಜಾಗದಲ್ಲಿ ಪತ್ರಿಕೆಯ ಹಿಂದಿದ್ದೆ, ಕಿವಿ ಮಾತ್ರ ಹಿತ್ತಿಲಿನಲ್ಲಿತ್ತು. ಈ ಸಲ ಮಳೆಗಾಲಕ್ಕೆ ಸಾಕಷ್ಟು ಆಗುತ್ತದೆ ಎಂದು ವಿಜಯಾಳ ಹತ್ತಿರ ಹೇಳುತ್ತಿದ್ದಳು. ಗದ್ದೆಗೆ ಹೋಗುವ ಅಗತ್ಯವಿಲ್ಲ ಎಂದಳು. ನನಗೆ ಸಂತೋಷವಾಯಿತು. ಒಳಗೊಳಗೇ, ಯಾರಿಗೂ ಹೇಳಲಾಗದ ಒಂದು ದೊಡ್ಡಸ್ತಿಕೆಯೂ ಬಂತು. ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸಿದೆ.

ಆಗ ಬಾಯಿ ಧ್ವನಿ ತಗ್ಗಿಸಿದಳು. ಕೂಗಿ ಕೂಗಿ ಅಭ್ಯಾಸವಾದ ಗಂಟಲು, ಎಷ್ಟು ತಗ್ಗಿಸಿದರೂ ಓಣಿಗೆ ಕೇಳಿಸುತ್ತದೆ. ನಮ್ಮ ಬಚ್ಚಲುಮನೆಯ ಹಂಚಿನ ಮೇಲೆ ಪಕ್ಕದ ಮನೆಯವರ ತೆಂಗಿನ ಮರ ಬಾಗಿ ನಿಂತಿದೆ. ನಾಲ್ಕು ವರ್ಷದಿಂದ ಅವರಿಗೆ ಒಂದು ನೋಟೀಸು ಕೊಡಿ ಎಂದು ವಿಜಯಾ ಹೇಳುತ್ತಲೇ ಇದ್ದಾಳೆ, ನಾನು ನೋಡೋಣ ಎನ್ನುತ್ತಲೇ ಇದ್ದೇನೆ. ಬಾಯಿ ಆ ಮರದ ಕಡೆ ಕೈ ತೋರಿಸಿರಬೇಕು.

“ವೈನೀ, ಬೇಜಾರು ಮಾಡ್ಕಬೇಡಿ, ಒಂದು ಮಾತು ಹೇಳ್ತೆ. ಯಜಮಾನ್ರು ಒಳ್ಳೇವ್ರು, ಮಾತಾಡೂಕೆ ಬಾಳ ಚೆಂದ. ಆದ್ರೆ ಕೇಸು ಹಿಡೂಕೆ ಅವ್ರಿಗೆ ಬರೂದಿಲ್ಲ. ನನ್ನ ಕೇಸಲ್ಲೇ ನಾ ಕಂಡ್ನಲ್ಲ, ಗೆದ್ದದ್ದನ್ನ ಕೈಯಾರೆ ಬಿಟ್ರು. ಈ ಮರದ ವಿಚಾರ ಅವ್ರ ಹತ್ರ ಇಟ್ರೆ ಮರ ಬಿದ್ದೇ ಹೋಗ್ತದೆ. ನಮ್ಮ ಮೇಡಂ ಅವ್ರಲ್ಲ, ಅವ್ರಿಗೆ ಕೊಡಿ. ನಂಬರು ನನ್ನ ಹತ್ರ ಅದೆ. ನಾ ಕೊಟ್ಟೆ ಅಂತ ಯಾರಿಗೂ ಹೇಳೂದು ಬ್ಯಾಡ.”

ನಾನು ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಆದರೆ ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು, ಎಲ್ಲವನ್ನೂ ಹೇಳಿದರೆ ಶೇಟರ ಮುಂದೆ ನಾನು ಮೋಸಗಾರ, ಬಾಯಿಯ ಮುಂದೆ ಉಪಕಾರ ಮಾಡಿ ಲೆಕ್ಕ ಒಪ್ಪಿಸುವವನು. ಅದಕ್ಕಿಂತ ಕೇಸು ಹಿಡಿಯಲು ಬಾರದವನು ಎನ್ನಿಸಿಕೊಳ್ಳುವುದೇ ವಾಸಿ. ವಿಜಯಾ ಒಳಗೆ ಬಂದು, ನನ್ನ ಮುಖ ನೋಡದೆ, ಪೆನ್ನು ಕೊಡಿ ಎಂದು ಕೇಳಿದಳು. ಕೊಟ್ಟೆ. ಬಾಗಿಲಲ್ಲಿ ನಿಂತು ಬಾಯಿ ಹೇಳಿದ ನಂಬರನ್ನು ಅವಳು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು. ಅವಳು ಆಚೆ ಹೋದ ಮೇಲೆ ನೋಡಿದೆ. ಮೇಡಂ ಅವರ ನಂಬರು ನನಗೆ ಗೊತ್ತಿದ್ದದ್ದೇ, ಇಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾಗಿತ್ತು. ಪೆನ್ನು ತೆಗೆದುಕೊಂಡು ಸರಿಮಾಡಿದೆ.